ಗುರುಶಾಂತಪ್ಪನ ದೋಸೆಕಲ್ಲು

ಆಂಜನಮ್ಮ ಗ್ಯಾಸ್ ಆರಿಸಿದವಳೇ ಕೊಡ ಎತ್ತಿ, ಕಾದ ದೋಸೆಕಲ್ಲಿನ ಮೇಲೆ ತಣ್ಣೀರು ಸುರಿದುಬಿಟ್ಟಳು. ಸತ್ತ ಮನೆಯಲ್ಲಿ ಒಲೆ ಬಿಸಿಯಿರಬಾರದು ಎಂಬುದಷ್ಟೇ ಆ ಪಕ್ಕದ ಮನೆಯಾಕೆಯ ತಲೆಯಲ್ಲಿತ್ತು. ಭುಸ್ಸೆಂದು ಎದ್ದ ಆವಿಯೊಳಗಿಂದ ಟಪ್ ಎಂದು ಒಂದು ಸದ್ದು ಬಂತು.

ಗಂಡನ ಹೆಣದ ಪಕ್ಕ ಅಳುತ್ತಿದ್ದ ವಿಮಲಾಕ್ಷಿ ತಲೆ ಎತ್ತಿದಳು. ಕಮ್ಮನಹಳ್ಳಿಯ ಆ ಮನೆಯಲ್ಲಿ ಮುಂದಿನ ಕೋಣೆಯೇ ಹೋಟೆಲು. ಬೆಳಿಗ್ಗೆ ಕಲ್ಲು ಕಾಯಲಿಟ್ಟು, ಉಜ್ಜಲು ಈರುಳ್ಳಿ ಹೋಳು ಎತ್ತಿಕೊಂಡ ಗುರುಶಾಂತಪ್ಪ ಅಲ್ಲೇ ಕುಸಿದಿದ್ದ. ಉರಿ ಆರಿಸುವುದು ಯಾರಿಗೂ ನೆನಪಾಗಿರಲಿಲ್ಲ.

ಮಧ್ಯಾಹ್ನ ದಾವಣಗೆರೆಯಿಂದ ಬಂದ ಮೈದುನ ಸಿದ್ಧಲಿಂಗೇಶ ಕೆಟ್ಟವನಲ್ಲ. ಮೊದಲು ಅತ್ತ, ಆಮೇಲೆ ಯಜಮಾನಿಕೆ ಶುರು ಮಾಡಿದ. ಒಂಟಿ ಹೆಂಗಸು ಹೋಟೆಲು ನಡೆಸುವುದು ಆಗದ ಮಾತು, ಒಡೆದ ಕಲ್ಲನ್ನು ಗುಜರಿಗೆ ಹಾಕಿ ಅತ್ತಿಗೆ ತನ್ನ ಜೊತೆ ಬಂದುಬಿಡಲಿ ಎಂದ. ವಿಮಲಾಕ್ಷಿಗೆ ಅದು ಸುತರಾಂ ಇಷ್ಟವಿರಲಿಲ್ಲ. ಇನ್ನೊಬ್ಬರ ಅಡಿಗೆಮನೆಯ ಮೂಲೆಗಿಂತ ಈ ಉರಿಯ ಮುಂದೆ ನಿಲ್ಲುವುದೇ ಅವಳಿಗೆ ಬೇಕಿತ್ತು.

"ಒಡೆದಿದೆ ಅಂತ ಯಾರ್ ಹೇಳಿದ್ದು? ಕಲ್ಲು ಕೊಟ್ಟ ಪಾಷಾ ಭಾಯ್ ಬಂದು ಬಡಿದು ನೋಡ್ಲಿ."

"ಆತು ಅತ್ತಿಗೆ. ಒಡದಿದ್ರೆ ಮಾತ್ರ ನೀವು ಬರ್ಬೇಕು."

"ಆಯ್ತು, ಒಡೆದಿದ್ರೆ ಬರ್ತೀನಿ."

*

ಹನ್ನೆರಡು ವರ್ಷದ ಹಿಂದೆ, ತೊಂಬತ್ತೆರಡರಲ್ಲಿ, ಶಿವಾಜಿನಗರದ ಅಹ್ಮದ್ ಪಾಷಾನ ಗುಜರಿ ಅಂಗಡಿಯಲ್ಲಿ ಗುರುಶಾಂತಪ್ಪ ಅರ್ಧ ದಿನ ಕೂತಿದ್ದ. ಹೊಳೆಯುವ ತೆಳು ಕಲ್ಲು ಬೇಡ, ನಡುವೆ ಮಾತ್ರ ಸುಡುತ್ತದೆ ಎಂದ. ದಪ್ಪ ಬೀಡುಕಬ್ಬಿಣದ ಕಲ್ಲುಗಳನ್ನು ಒಂದೊಂದಾಗಿ ಬೀಗದಕೈಯಿಂದ ಬಡಿದು ಕಿವಿಗೊಟ್ಟ. ನನ್ನನ್ನು ನೋಡಲು ಬಂದಾಗ ಇಷ್ಟು ಹೊತ್ತು ಹಿಡಿಯಲಿಲ್ಲ ಎಂದು ವಿಮಲಾಕ್ಷಿ ಗೊಣಗಿದ್ದಳು. ಕೊನೆಗೆ ಒಂದು ಕಲ್ಲು ಗಂಟೆಯಂತೆ ದನಿ ಕೊಟ್ಟಿತು. ಅದಕ್ಕೆ ಎಂಟು ದಿನ ಎಣ್ಣೆ ಸವರಿ, ಈರುಳ್ಳಿ ಉಜ್ಜಿ ಪಳಗಿಸಿದ. ಆಮೇಲೆ ಒಂದು ದಿನವೂ ಸೋಪು ಮುಟ್ಟಿಸಲು ಬಿಡಲಿಲ್ಲ.

*

ಮಣ್ಣು ಮಾಡಿ ಬಂದವರು ಕಾಲು ತೊಳೆಯುವಷ್ಟರಲ್ಲಿ ಪಾಷಾ ಕಲ್ಲಿನ ಮುಂದೆ ನಿಂತಿದ್ದ. ಆಂಜನಮ್ಮ ಬಾಗಿಲಲ್ಲೇ ಮುದುಡಿಕೊಂಡಿದ್ದಳು. ಅವನು ಬೀಗದಕೈ ತೆಗೆದು ಬಡಿದ. ಒಡೆದ ಮಡಕೆಯ ಸದ್ದು ಬಂತು. ಇನ್ನೊಮ್ಮೆ ಬಡಿದರೂ ಅದೇ ಸದ್ದು.

"ಬಿರುಕು ಬಿಟ್ಟಿದೆ ಅಮ್ಮಾ."

ಪಾಷಾ ಬಗ್ಗಿ, ಅಂಚಿನಿಂದ ಹೊರಟ ಸಣ್ಣ ಗೆರೆಯ ಮೇಲೆ ಉಗುರು ಎಳೆಯುತ್ತ ಹೋದ. ಗೇಣುದ್ದ ಬಂದು ಗೆರೆ ನಿಂತಿತ್ತು.

"ತುದೀಲಿ ಒಂದು ತೂತು ಹೊಡೆದ್ರೆ ಮುಂದಕ್ಕೆ ಹೋಗಲ್ಲ. ಆ ಕಡೆ ಬಿಟ್ಟು ಈ ಕಡೆ ಹುಯ್ಕೊಳ್ಳಿ. ಆರರ ಜಾಗದಲ್ಲಿ ನಾಲ್ಕು ದೋಸೆ, ಅಷ್ಟೇ. ನಾಳೆ ಡ್ರಿಲ್ ತರ್ತೀನಿ. ಗುರುತು ಹಾಕೋಕೆ ಸೀಮೆಸುಣ್ಣ ಇದ್ಯಾ?"

"ಅತ್ತಿಗೆ, ಮಾತು ಕೊಟ್ಟೀರಿ," ಎಂದ ಸಿದ್ಧಲಿಂಗೇಶ.

ವಿಮಲಾಕ್ಷಿ ಒಳಗೆ ಹೋದಳು. ಸೀಮೆಸುಣ್ಣ ಇರಲಿಲ್ಲ. ಗಂಡನ ಹಣೆಗೆ ಬಳಿದು ಉಳಿದಿದ್ದ ವಿಭೂತಿಗಟ್ಟಿ ತಂದು, ಬಿರುಕಿನ ತುದಿಯಲ್ಲಿ, ಕಪ್ಪು ಕಲ್ಲಿನ ಮೇಲೆ, ಒತ್ತಿ ಒಂದು ಬಿಳಿ ಬೊಟ್ಟು ಇಟ್ಟಳು.