ಎರಡನೆಯ ಗೆರೆ

ಅಕ್ಕತಂಗಿಯರಿಬ್ಬರೂ ಒಂದೇ ಸಂಶೋಧನಾಲಯದಲ್ಲಿದ್ದರು. ಅಕ್ಕ ದೂರದರ್ಶಕ ಬಳಸುವ ವೇಳೆಯನ್ನು ಸಂಶೋಧಕರಿಗೆ ಹಂಚುವ ಸಮಿತಿಯಲ್ಲಿ ಕೂರುವಷ್ಟು ಹಿರಿಯಳು, ತಂಗಿ ಹೊಸಬಳು. "ಅಕ್ಕನ ಸೆರಗು ಹಿಡಿದು ಬಂದವಳು" ಎಂದು ಯಾರೋ ಕಾರಿಡಾರಿನಲ್ಲಿ ನಕ್ಕದ್ದು ಅಕ್ಕನ ಕಿವಿಗೆ ಬಿದ್ದಿತ್ತು. ಅಂದಿನಿಂದ ಅವಳು ತಂಗಿಯ ವಿಷಯದಲ್ಲಿ ಬೇಕೆಂದೇ ಬಿಗಿಯಾಗಿದ್ದಳು.

ತಂಗಿ ಕೈಹಾಕಿದ್ದು ನಕ್ಷತ್ರಗಳ ನಡುವಣ ಒಂದು ಅನಿಲದ ಮೋಡಕ್ಕೆ. ಹುಟ್ಟುತ್ತಿರುವ ನಕ್ಷತ್ರವೊಂದು ಚಿಮ್ಮಿಸಿದ ಅನಿಲ ಆ ಮೋಡಕ್ಕೆ ಅಪ್ಪಳಿಸಿ, ಅಲ್ಲಿನ ಹೈಡ್ರೋಜನ್ ಅಣುಗಳು ಕಾದು ಅವಕೆಂಪು ಬೆಳಕು ಬೀರುತ್ತಿವೆ ಎಂಬುದು ಅವಳ ವಾದ. ಆ ಬೆಳಕನ್ನು ಬಿಡಿಸಿ ನೋಡಿದರೆ ಎರಡು ಗೆರೆಗಳು ಸಾಕ್ಷಿ ಹೇಳುತ್ತವೆ. ಎರಡನೆಯದು ಮಂಕಾಗಿದ್ದರೆ ಅದು ಏಟಿನ ಕಾವು. ಅದೂ ಢಾಳಾಗಿದ್ದರೆ, ಹತ್ತಿರದ ಯಾವುದೋ ನಕ್ಷತ್ರದ ಅತಿನೇರಳೆ ಬೆಳಕು ತಾಗಿದೆ, ಅಷ್ಟೇ.

ಇದನ್ನು ಖಚಿತಪಡಿಸಿಕೊಳ್ಳಲು ತಂಗಿ ದೂರದರ್ಶಕದ ವೇಳೆಗೆ ಅರ್ಜಿ ಹಾಕಿದ್ದಳು. ಸಮಿತಿ ಸೇರಿದ ಬೆಳಿಗ್ಗೆ ಅಕ್ಕ ಪರದೆಯ ಮೇಲೆ ತಂಗಿಯ ಮೊದಲ ನಕ್ಷೆ ತೋರಿಸಿದಳು. ಎರಡನೆಯ ಗೆರೆ ಎದ್ದು ನಿಂತಿತ್ತು.

"ಇದು ಏಟಲ್ಲ, ಬರೀ ಬೆಳಕು. ದೂರದರ್ಶಕ ಕೊಡೋವಂಥದ್ದೇನೂ ಇಲ್ಲ ಇದರಲ್ಲಿ."

ಒಡಹುಟ್ಟಿದವಳನ್ನೂ ಬಿಡಲಿಲ್ಲವಲ್ಲ ಎಂದು ಎಲ್ಲರೂ ತಲೆದೂಗಿದರು. ವೇಳೆ ಬೇರೆ ತಂಡದ ಪಾಲಾಯಿತು.

ಆದರೆ ಅರ್ಜಿ ಕೊಟ್ಟ ಮೇಲೆ ತಂಗಿ ತಿದ್ದಿದ ನಕ್ಷೆಯೊಂದನ್ನು ಅಕ್ಕನಿಗೆ ಕಳಿಸಿ, ಇದನ್ನೇ ತೋರಿಸು ಎಂದಿದ್ದಳು. ನಮ್ಮ ವಾತಾವರಣವೇ ಬೀರುವ ಹೊಳಪನ್ನು ಕಳೆದ ಆ ನಕ್ಷೆಯಲ್ಲಿ ಎರಡನೆಯ ಗೆರೆ ಇದ್ದೂ ಇಲ್ಲದಂತಿತ್ತು. ಅಕ್ಕ ಅದನ್ನು ನೋಡಿಯೇ ಸಭೆಗೆ ಹೋಗಿದ್ದಳು.

ಮಧ್ಯಾಹ್ನ ಅಕ್ಕ ಊಟವನ್ನು ಅರ್ಧಕ್ಕೇ ಬಿಟ್ಟಳು. ಎದ್ದು ತಂಗಿಯ ಕೋಣೆಗೆ ಹೋದಳು.

"ಬಿಡಕ್ಕಾ," ಎಂದಳು ತಂಗಿ, ಇವಳ ಮುಖ ನೋಡಿದ್ದೇ. "ನಂದೇ ಏನೋ ಎಡವಟ್ಟಾಗಿರಬೇಕು. ಇನ್ನೊಂದ್ಸಲ ಲೆಕ್ಕ ಹಾಕ್ತೀನಿ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

"ನಿಂದೇನೂ ತಪ್ಪಿಲ್ಲ ಕಣೇ. ಅದು ಏಟೇ. ನೀನು ಕಳಿಸಿದ್ದನ್ನ ನೋಡಿದ್ದೆ."

"ಯಾವಾಗ?"

"ಸಭೆಗೆ ಮುಂಚೆ."

ತಂಗಿ ಕಿಟಕಿಯತ್ತ ತಿರುಗಿದಳು. "ನಿಂಗದು ಅರ್ಥ ಆಗಿಲ್ಲ ಅಂದ್ಕೊಂಡಿದ್ದೆ. ಹಾಗೇ ಆಗಿದ್ರೆ ಚೆನ್ನಾಗಿತ್ತು."

ಅಕ್ಕ ನೇರ ಸಮಿತಿಯ ಮುಖ್ಯಸ್ಥರ ಬಳಿ ಹೋಗಿ ಒಂದನ್ನೂ ಬಚ್ಚಿಡದೆ ಹೇಳಿದಳು. "ಕೊಟ್ಟಿದ್ದನ್ನ ಕಿತ್ಕೊಳ್ಳೋಕಾಗಲ್ಲಮ್ಮಾ," ಎಂದರು ಅವರು. ಅವಳು ತನ್ನ ಪಾಲಿನ ವೇಳೆಯನ್ನೇ ತಂಗಿಗೆ ಬರೆದುಕೊಟ್ಟಳು, ಸಮಿತಿಯನ್ನೂ ಬಿಡಬೇಕಾಯಿತು. ತಂಗಿ ವೇಳೆಯನ್ನು ತೆಗೆದುಕೊಂಡಳು. ಬೇಡ ಎನ್ನಲಿಲ್ಲ, ಥ್ಯಾಂಕ್ಸ್ ಎನ್ನಲೂ ಇಲ್ಲ.

ಕೆಲವು ವಾರಗಳಾದ ಮೇಲೆ ಅಮ್ಮನ ಫೋನು ಬಂತು.

"ಅವಳು ಹೇಳಿದ್ದೇ ನಿಜ ಆಯ್ತಂತಲ್ಲೇ! ಗೆರೆ ಮಂಕಾಗೇ ಇದೆಯಂತೆ. ಮಂಕಾದ್ರೆ ಯಾಕೆ ಖುಷಿಯೋ, ನಂಗಂತೂ ತಲೆಬುಡ ತಿಳೀಲಿಲ್ಲ. ನೀನಾದ್ರೂ ಒಂದು ಮಾತು ಹೇಳ್ಬಾರದಿತ್ತಾ?"

ಅಕ್ಕನಿಗೆ ವಿಷಯ ಗೊತ್ತಾದದ್ದೇ ಆಗ. "ಮರೆತೆ ಅಮ್ಮಾ," ಎಂದಳು.

"ಹೋಗ್ಲಿ ಬಿಡು. ಅವಳ ಬೆನ್ನಿಗೆ ನೀನಿದ್ದೀಯಲ್ಲ, ನಂಗದೇ ನೆಮ್ಮದಿ."

ಅಕ್ಕ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು.