ದಿಬ್ಬಣ್ಣನ ಮಣ್ಣು

"ತಲೆ ಕಡೆ ಸ್ವಲ್ಪ ಎತ್ತಿ, ಬಾಗಿಲು ಹಾಕೋಕಾಗ್ತಿಲ್ಲ," ಎಂದ ವ್ಯಾನಿನವನು.

ಅಳಿಯ ಎತ್ತಿದ. ಎರಡು ಸಲ ಬಡಿದ ಮೇಲೆ ಬಾಗಿಲು ಕೂತಿತು. ಒಳಗೆ ಬಿಳಿ ಬಟ್ಟೆಯಡಿ ಮಲಗಿದ್ದವನು ಒಂದು ಕಾಲದ ಬುಲ್‌ಡೋಜರ್ ಚಾಲಕ. ಬೀದಿಯವರ ಬಾಯಲ್ಲಿ ದಿಬ್ಬಣ್ಣ. ಆ ಹೆಸರಲ್ಲಿ ಪ್ರೀತಿ ಇರಲಿಲ್ಲ.

ಎದುರು ಮನೆಯವರು ಕಿಟಕಿಯಿಂದಲೇ ನೋಡಿದರು. ಹೂ ಹಿಡಿದು ಬಂದವನು ಒಬ್ಬನೇ, ಊರಾಚೆಯ ರಕ್ಷಿತ ಬಯಲಿನ ಅಧಿಕಾರಿ.

"ಆ ಬಯಲಿನ ದಿಬ್ಬಗಳ ಪಕ್ಕದಲ್ಲೇ ಮಣ್ಣು ಮಾಡಿ ಅಂದಿದ್ರು ಅಪ್ಪ," ಎಂದಳು ಮಗಳು. "ಒಂದು ಮೂಲೆ ಸಾಕು ಸಾರ್."

"ಅಲ್ಲಿ ಗುದ್ದಲಿ ತಾಗಿಸೋ ಹಾಗಿಲ್ಲಮ್ಮ. ನಿಮ್ಮ ತಂದೆ ಸಾಕ್ಷಿ ಹೇಳಿದ್ದಕ್ಕೇ ಆ ನಿಯಮ ಬಂದಿದ್ದು." ಅವನು ತಲೆ ತಗ್ಗಿಸಿದ.

ವ್ಯಾನಿನೊಳಗೆ ಕೂತಿದ್ದ ದಿಬ್ಬಣ್ಣನ ಹೆಂಡತಿ ಒಣನಗೆ ನಕ್ಕಳು. "ನಮಗೆ ಜಾಗ ತಪ್ಪಿಸಿದ್ರು. ಈಗ ಅವರಿಗೂ ತಪ್ತು."

* * *

ಇಪ್ಪತ್ತಾರು ವರ್ಷದ ಹಿಂದೆ ಆ ಬಯಲಿನಲ್ಲಿ ಇನ್ನೂರು ಮನೆಗಳು ಏಳಬೇಕಿತ್ತು. ಬೀದಿಯ ಬಾಡಿಗೆದಾರರೆಲ್ಲರ ಹೆಸರು ಪಟ್ಟಿಯಲ್ಲಿತ್ತು, ದಿಬ್ಬಣ್ಣನದೂ. ಮೂರು ದಿನದಲ್ಲಿ ಅವನು ಹನ್ನೊಂದು ದಿಬ್ಬ ಸಮ ಮಾಡಿದ್ದ. ಎಷ್ಟೋ ಸಾವಿರ ವರ್ಷಗಳಿಂದ ತಾವಾಗಿಯೇ ನಿಂತಿದ್ದ ಮಣ್ಣಿನ ಉಬ್ಬುಗಳು. ಅವುಗಳ ನಡುವೆ ಮಳೆಗಾಲದಲ್ಲಿ ಮಾತ್ರ ತುಂಬುವ ಹೊಂಡಗಳು. ಹನ್ನೆರಡನೆಯದರ ಹತ್ತಿರ ಮುಖ ತೊಳೆಯಲು ಇಳಿದು ಬೊಗಸೆಯಲ್ಲಿ ನೀರೆತ್ತಿದ. ಉಗುರಿನಷ್ಟು ಸಣ್ಣ, ಗಾಜಿನಂಥ ಸಿಗಡಿಗಳು ಅಂಗಾತ ಈಜುತ್ತಿದ್ದವು. ಬೇಸಿಗೆಯಲ್ಲಿ ಬಿರುಕು ಬಿಡುವ ಈ ನೆಲದಲ್ಲಿ ಇವು ಎಲ್ಲಿದ್ದವು? ಹಿಂತಿರುಗಿ ನೋಡಿದ. ತಾನು ಸಮ ಮಾಡಿದ ಕಡೆ ಬರೀ ಕೆಸರು.

"ಯಾಕೋ ನಿಲ್ಲಿಸ್ದೆ?" ಮೇಸ್ತ್ರಿ ಕೂಗಿದ.

"ಇಲ್ಲಿ ಜೀವ ಇದೆ."

"ಮೊಣಕಾಲುದ್ದ ನೀರಿಗೆ ತಲೆ ಕೆಡಿಸ್ಕೋತೀಯಾ? ಕೆಲಸ ಬೇಡ್ವಾ?"

ಅವನು ಕೀಲಿಯನ್ನು ಮೇಸ್ತ್ರಿಯ ಕೈಗಿಟ್ಟು ನಡೆದ.

ಬಯಲಿನ ಕೇಸಿಗಾಗಿ ಒಂಬತ್ತು ವರ್ಷ ಕೋರ್ಟಿಗೆ ಅಲೆದು ಸಾಕ್ಷಿ ಹೇಳಿದ. ಬಯಲು ಉಳಿಯಿತು, ಮನೆಗಳು ಏಳಲಿಲ್ಲ. ಮತ್ತೆ ಯಾರೂ ಅವನನ್ನು ಯಂತ್ರದ ಮೇಲೆ ಕೂರಿಸಲಿಲ್ಲ. ಹೆಂಡತಿ ಅದೇ ಒಂಟಿ ಕೋಣೆಯ ಬಾಡಿಗೆ ಮನೆಯಲ್ಲಿ ಹೊಲಿಗೆ ತುಳಿದು ಸಂಸಾರ ನಡೆಸಿದಳು. ಮಳೆ ಬಿದ್ದಾಗಲೆಲ್ಲ ಅವನು, "ಬಾರೇ, ತೋರಿಸ್ತೀನಿ," ಎಂದು ಕರೆಯುತ್ತಿದ್ದ. ಅವಳು ಒಮ್ಮೆಯೂ ಹೋಗಲಿಲ್ಲ.

* * *

ಸ್ಮಶಾನದಲ್ಲಿ ಹಳದಿ ಯಂತ್ರ ಗುಂಡಿ ತೋಡಿಟ್ಟಿತ್ತು. ಅವನನ್ನು ಇಳಿಸಿ ಮುಚ್ಚಿದ ಮೇಲೆ ಮಣ್ಣಿನದೊಂದು ಗುಪ್ಪೆ ಉಳಿಯಿತು. ಯಂತ್ರದವನು ಕೂತಲ್ಲಿಂದಲೇ ಕೇಳಿದ: "ಸಮ ಮಾಡ್ಬಿಡ್ಲಾ ಅಮ್ಮ?"

"ಬೇಡ," ಎಂದಳು ಮಗಳು. "ಹಾಗೇ ಇರ್ಲಿ. ಅಪ್ಪಂಗೆ..."

"ಮಾಡಪ್ಪ," ಎಂದಳು ಹೆಂಡತಿ. "ಪೂರ್ತಿ ಸಮ ಮಾಡು."

ಬಕೆಟ್ಟು ಮೂರು ಸಲ ಎದ್ದು ಬಿದ್ದಿತು. ಯಂತ್ರ ಹಿಂದೆ ಸರಿದ ಮೇಲೆ ಹೆಂಡತಿ ಚಪ್ಪಲಿ ಬಿಟ್ಟು ಆ ನೆಲದ ಮೇಲೆ ಒಂದು ಕಾಲಿಟ್ಟಳು. ಇನ್ನೂ ಮೆತ್ತಗಿದ್ದ ಮಣ್ಣು ಬೆರಳುಗಳ ನಡುವಿನಿಂದ ಮೇಲೆ ಬಂತು.