ಎಡಸುತ್ತು

"ಹಚ್ಚಿ, ಎವಾರಿಸ್ತೊ ಅವರೇ. ಅಮ್ಮನ ಹೆಸರಲ್ಲಿ ಒಂದು ದಮ್ಮು ಎಳೀರಿ," ಎನ್ನುತ್ತ ನಿಯೇವೆಸ್ ಚುಟ್ಟವನ್ನು ಅವನ ಕೈಗೆ ತುರುಕಿದಳು.

ಒಳಗೆ ಶವಪೆಟ್ಟಿಗೆಯಲ್ಲಿ ಅವಳ ತಾಯಿ ಎದೆಲ್ಮಿರಾ ಮಲಗಿದ್ದಳು. ಪಿನಾರ್ ದೆಲ್ ರಿಯೊ ಊರಿನ ಕಾರ್ಖಾನೆಯಲ್ಲಿ ನಲವತ್ತು ವರ್ಷ ಚುಟ್ಟ ಸುತ್ತಿದವಳು. ಜೊತೆಗೆ ದುಡಿದವರು ಪಾಳಿ ಮುಗಿಸಿ ನೇರ ಬಂದು, ಏಪ್ರನ್ನನ್ನೂ ಬಿಚ್ಚದೆ ಜಗುಲಿಯ ತೂಗುಕುರ್ಚಿಗಳಲ್ಲಿ ಕಾಫಿ ಕುಡಿಯುತ್ತಿದ್ದರು. ಅಷ್ಟೂ ವರ್ಷ ಅವಳ ಚುಟ್ಟ ಸೇದಿ ತೀರ್ಪು ಕೊಟ್ಟ ರುಚಿಗಾರರ ಮುಖ್ಯಸ್ಥ ಈ ಎವಾರಿಸ್ತೊ. ಪ್ರತಿ ಸಲವೂ ಒಂದೇ ಮಾತು: 'ಬಿಗಿ. ಹೊಗೆ ಬರೋಲ್ಲ.' ದೊಡ್ಡ ಚುಟ್ಟ ಸುತ್ತುವ ಮುಂದಿನ ಸಾಲಿಗೆ ಹೋಗದೆ ಅವಳು ಹಿಂದಿನ ಬೆಂಚಿನಲ್ಲೇ ಮುದುಕಿಯಾದಳು.

ಎವಾರಿಸ್ತೊ ಚುಟ್ಟವನ್ನು ಬೆರಳಲ್ಲಿ ಉರುಳಿಸಿ, ಹೊರಗಿನ ಎಲೆ ಯಾವ ಕಡೆಗೆ ಸುತ್ತಿದೆಯೆಂದು ನೋಡಿದ. ಬಲಕ್ಕೆ. ಅವನ ಮುಖ ಸಡಿಲವಾಯಿತು. ನಿಯೇವೆಸ್ ಕಾಯುತ್ತಿದ್ದುದೇ ಅದಕ್ಕೆ.

*

"ಪರೀಕ್ಷೆಗೆ ಹೋಗೋ ಚುಟ್ಟಕ್ಕೆ ಹೆಸರಿಲ್ಲ, ಬರೀ ನಂಬರು. ಆದ್ರೂ ಅವನಿಗೆ ನನ್ನದು ಯಾವುದು ಅಂತ ಹೇಗೆ ಗೊತ್ತಾಗ್ತಿತ್ತು ಹೇಳು?" ಎಂದು ಎದೆಲ್ಮಿರಾ ನಿವೃತ್ತಿಯಾದ ವರ್ಷ ಕೇಳಿದ್ದಳು. "ನಾನು ಎಡಚಿ ಕಣೇ! ಇಡೀ ಕಾರ್ಖಾನೆಯಲ್ಲಿ ಎಡಕ್ಕೆ ಸುತ್ತೋಳು ನಾನೊಬ್ಬಳೇ."

"ಅಷ್ಟು ದ್ವೇಷ ಯಾಕಮ್ಮ?"

"ಇಪ್ಪತ್ತರಲ್ಲಿ ಮದುವೆ ಆಗ್ತೀಯಾ ಅಂದ. ಎಲ್ಲರೆದುರು ನಕ್ಕುಬಿಟ್ಟೆ."

ಕೆಲಸ ಬಿಟ್ಟ ಆ ವರ್ಷದಿಂದಲೇ ಅವಳು ಮನೆಯಲ್ಲಿ ಹಟ ಹಿಡಿದು ಬಲಗೈಗೆ ಕೆಲಸ ಕಲಿಸಿದಳು. ಎಷ್ಟೋ ಎಲೆ ಹರಿದವು. ಎರಡು ವರ್ಷಕ್ಕೆ ಒಂದು ಚುಟ್ಟ ಮನಸ್ಸಿಗೆ ಬಂತು.

"ನನ್ನ ಮಣ್ಣಿಗೆ ಅವನು ಬಂದೇ ಬರ್ತಾನೆ. ಎಲ್ಲರ ಮುಂದೆ ಇದನ್ನ ಸೇದಿಸು. ಬಿಡಬೇಡ ಅವನನ್ನ."

*

ಎವಾರಿಸ್ತೊ ಹೊಗೆಯನ್ನು ಬಾಯಲ್ಲೇ ತಡೆದು ಕಣ್ಣು ಮುಚ್ಚಿದ. ರುಚಿಗಾರನ ಅಭ್ಯಾಸಬಲ, ಸಕ್ಕರೆಯಿಲ್ಲದ ಚಹಾ ಕೇಳಿ ನಾಲಿಗೆ ತೊಳೆದುಕೊಂಡು ಮತ್ತೆ ಎಳೆದ.

"ಏನು ಸಲೀಸಾಗಿ ಬರುತ್ತೆ! ಮೊದಲು ಮರದ ಘಮ, ಆಮೇಲೆ ಕೋಕೋ, ಕೊನೆಗೆ ಒಂಚೂರು ಖಾರ. ಬೂದಿ ನೋಡಿ, ಹೇಗೆ ಉದುರದೆ ನಿಲ್ಲುತ್ತೆ, ಒಳ್ಳೆ ಕೈಯ ಗುರುತು. ಇಂಥಾದ್ದು ಜೀವಮಾನದಲ್ಲಿ ನಾಲ್ಕೋ ಐದೋ ಸೇದಿರಬಹುದು. ಮುಂದಿನ ಸಾಲಿನವರದ್ದೇ. ಯಾರು ಸುತ್ತಿದ್ದು?"

"ಒಳಗೆ ಮಲಗಿದಾಳಲ್ಲ, ಅವಳು. ಬಲಗೈಯಲ್ಲಿ."

ತೂಗುಕುರ್ಚಿಗಳು ನಿಂತವು.

"ಎಡಗೈಲಿ ಸುತ್ತಿದ್ದು ಇದಕ್ಕಿಂತ ಚೆನ್ನಾಗಿತ್ತು," ಎಂದಳು ನಿಯೇವೆಸ್. "ನಿಮಗೂ ಗೊತ್ತಿತ್ತು. ಸುತ್ತು ನೋಡಿ ತಳ್ಳಿದ್ರಿ."

"ಅದು... ಹಾಗಲ್ಲ ಮಗಳೇ..."

"ಮಗಳೇ ಗಿಗಳೇ ಅನ್ನಬೇಡಿ."

ಮೂವತ್ತು ವರ್ಷ ಎದೆಲ್ಮಿರಾಳ ಪಕ್ಕದಲ್ಲೇ ಕೂತ ಒಬ್ದುಲಿಯಾ ಎದ್ದಳು. "ಬಿಗಿ ಅನ್ನಯ್ಯಾ ಈಗ! ಅನ್ನು, ಕೇಳೋಣ!"

ಒಬ್ದುಲಿಯಾ ಏಪ್ರನ್ನಿನಿಂದ ಎಲೆ ಕೊಯ್ಯುವ ಚೂರಿ ತೆಗೆದಳು. ಕಾರ್ಖಾನೆಯಲ್ಲಿ ಚುಟ್ಟ ಸುತ್ತುವವರಿಗೆ ಪತ್ರಿಕೆ ಓದಿ ಹೇಳುವವನ ಮಾತು ಹಿಡಿಸಿದರೆ ಅವರು ಆ ಚೂರಿಯಿಂದ ಹಲಗೆ ಕುಟ್ಟುತ್ತಾರೆ. ಹೇಸಿಗೆಯಾದರೆ ಅದನ್ನು ನೆಲಕ್ಕೆ ಬಿಡುತ್ತಾರೆ. ಅವಳು ಕೈ ಚಾಚಿ ಚೂರಿಯನ್ನು ಎವಾರಿಸ್ತೊನ ಕಾಲ ಬಳಿ ಬಿಟ್ಟಳು. ಠಣ್. ಇನ್ನೊಬ್ಬಳು ಎದ್ದು ಬಿಟ್ಟಳು. ಆಮೇಲೆ ಜಗುಲಿಯಲ್ಲಿದ್ದವರೆಲ್ಲ.

ಚೂರಿಗಳ ನಡುವೆ ಎವಾರಿಸ್ತೊ ನಿಂತೇ ಇದ್ದ. ಚುಟ್ಟ ಹಿಡಿದ ಕೈ ಗಡಗಡ ನಡುಗುತ್ತಿತ್ತು. ಅದರ ತುದಿಯಲ್ಲಿ ಹೆಬ್ಬೆರಳುದ್ದದ ಬಿಳಿ ಬೂದಿ ಮಾತ್ರ ಅಲ್ಲಾಡಲಿಲ್ಲ, ಬೀಳಲೂ ಇಲ್ಲ.